ಬುತ್ತಿ ಯಾರಾದ್ರೂ ಮಾರತಾರೇನವಾ?

"ಅಕ್ಕಾ, ಹೋಟೆಲ್ ನಡೀತಿಲ್ಲ, ಏನಾದ್ರೂ ಐಡಿಯಾ ಕೊಡಿ" ಎಂದು ಯಾರಾದರೊಬ್ಬರು ಮೆಸೇಜ್ ಹಾಕುತ್ತಲೇ ಇರುತ್ತಾರೆ. ನನ್ನ ರೊಟ್ಟಿ ವಿಡಿಯೋ ನೋಡಿ ನಾನೇನೋ ದೊಡ್ಡ ವ್ಯಾಪಾರಸ್ಥೆ ಅಂದುಕೊಂಡಿದ್ದಾರೆ. ಐಡಿಯಾ ಇದೆ, ಕೊಡುತ್ತೇನೆ. ಆದರೆ ಅದು ನನ್ನಿಂದ ಏನು ಕಿತ್ತುಕೊಂಡಿತು ಎಂಬುದನ್ನೂ ಕೇಳಿಸಿಕೊಳ್ಳಿ. ಅರ್ಧ ಹೇಳಿದರೆ ನಿಮಗೆ ಮೋಸ ಮಾಡಿದ ಹಾಗೆ.

ಮುಂಬೈಯ ವಡಾಲ ಸ್ಟೇಷನ್ನಿಗೆ ಹತ್ತಿರದ ಒಂದು ಚಾಳಿನ ಕೆಳಗಿನ ಖೋಲಿಯಲ್ಲಿ ನಾನು, ನನ್ನ ಅತ್ತೆ ಖಾನಾವಳಿ ನಡೆಸುತ್ತಿದ್ದೆವು. ಎರಡು ಉದ್ದನೆಯ ಬೆಂಚು. ಗೋಡೆಗೆ ಹೊಡೆದ ಹಲಗೆಯೇ ಟೇಬಲ್ಲು. ಬರುವವರೆಲ್ಲ ವಿಜಾಪುರ, ಬಾಗಲಕೋಟೆ, ಕಲಬುರ್ಗಿ ಕಡೆಯವರು. ಅಕ್ಕಪಕ್ಕ ಏಳುತ್ತಿದ್ದ ಬಿಲ್ಡಿಂಗುಗಳಲ್ಲಿ ಸೆಂಟ್ರಿಂಗ್, ಪ್ಲಾಸ್ಟರ್, ಟೈಲ್ಸ್ ಕೆಲಸದವರು. ಅತ್ತೆ ರೊಟ್ಟಿ ಬಡಿಯುತ್ತಿದ್ದರು, ನಾನು ಬಡಿಸುತ್ತಿದ್ದೆ. ಉಬ್ಬಿದ ರೊಟ್ಟಿ ಉಸಿರು ಬಿಡುವ ಮುಂಚೆ ತಾಟಿಗೆ ಬೀಳಬೇಕು, ಅದು ಅತ್ತೆಯ ಕಾನೂನು.

"ಆಯಿ, ಇವತ್ತ ಬದನಿಕಾಯಿ ಭಾಳ ಖಾರ ಆಗೇತಿ ನೋಡ್ರಿ" ಎಂದು ಪ್ಲಾಸ್ಟರ್ ಕೆಲಸದವನೊಬ್ಬ ಅತ್ತೆಯನ್ನು ಕೆಣಕುತ್ತಿದ್ದ.

"ನೀರು ಕುಡಿ ಹಂಗಾರ. ಇಷ್ಟ ಖಾರಕ್ಕ ಬೆವತರ, ಅಷ್ಟ ಎತ್ತರ ಬಿದಿರಿನ ಪರಾಂಚಿ ಹೆಂಗ ಹತ್ತತೀಯೋ?"

ಬೆಂಚಿನ ತುಂಬ ನಗು. ಆ ನಗು ಕೇಳುತ್ತ ರೊಟ್ಟಿ ಹಿಡಿದು ಓಡಾಡುವಾಗ ನನಗೆ ಈ ಊರು ಪರಊರು ಅನ್ನಿಸುತ್ತಿರಲಿಲ್ಲ.

ಬಿಲ್ಡಿಂಗುಗಳು ಮುಗಿದವು. ಕಟ್ಟಿದವರು ಹೋದರು, ಕೊಂಡವರು ಬಂದರು. ನಮ್ಮ ಹುಡುಗರು ಗೋರೆಗಾಂವ್ ಕಡೆಯ ಸೈಟುಗಳಿಗೆ ಚದುರಿದರು. ಬೆಂಚು ಖಾಲಿ ಬೀಳತೊಡಗಿತು. ನಾವು ಮಾತ್ರ ನಮ್ಮ ಅಡುಗೆಯಲ್ಲೇ ಏನೋ ತಪ್ಪಾಗಿದೆ ಎಂದು ಉಪ್ಪು, ಖಾರ ನೋಡುತ್ತ ಕೂತೆವು. ಹಾಗಾಗಿ ಮೊದಲ ಮಾತು: ವ್ಯಾಪಾರ ಬಿದ್ದರೆ ಒಲೆಯನ್ನು ಅನುಮಾನಿಸುವ ಮುಂಚೆ ಬೀದಿಗೆ ಹೋಗಿ ನೋಡಿ. ತಿನ್ನುವವರು ಮುನಿಸಿಕೊಂಡು ಹೋದರೋ, ಊರು ಬಿಟ್ಟು ಹೋದರೋ? ಎರಡಕ್ಕೂ ಮದ್ದು ಬೇರೆ ಬೇರೆ.

ಎರಡನೆಯದು, ಗಾಬರಿಯಲ್ಲಿ ಐಟಂ ಹೆಚ್ಚಿಸಬೇಡಿ. ಬಂದರಿನಲ್ಲಿ ಕೆಲಸ ಮಾಡುವ ನನ್ನ ಯಜಮಾನರು ಒಂದು ದಿನ 'ಚೈನೀಸ್' ಎಂಬ ಕೆಂಪು ಬೋರ್ಡು ತಂದು ತೂಗುಹಾಕಿದರು. ಅತ್ತೆ ಒಂದು ತುಂಡು ಗೋಬಿ ಮಂಚೂರಿ ಬಾಯಿಗಿಟ್ಟುಕೊಂಡು ಮಗನನ್ನು ನೋಡಿದರು.

"ಇದು ಪಲ್ಯಾನೋ, ಭಜಿನೋ? ಎರಡರಾಗ ಒಂದಾದ್ರೂ ಆಗಬೇಕಲ್ಲೋ."

"ಎಲ್ಲಾ ಕಡೆ ಚಲ್ತಾ ಹೈ, ಅವ್ವಾ."

"ಎಲ್ಲಾ ಕಡೆ ಚಲ್ತಾ ಇದ್ದದ್ದು ನಮ್ಮಲ್ಲೆ ಬಂದು ಯಾಕ ಕುಂತೈತಿ?"

ನಿಜಕ್ಕೂ ಕುಂತಿತು. ಎಣ್ಣೆ ಹಾಳು, ಗ್ಯಾಸ್ ಹಾಳು. ಅತ್ತ ಜೋಳದ ಹಿಟ್ಟು ಡಬ್ಬಿಯಲ್ಲೇ ಹಳತಾಗಿ ಜಿಗಿ ಕಳೆದುಕೊಂಡಿತು. ಬಡಿದರೆ ರೊಟ್ಟಿಯ ಅಂಚೆಲ್ಲ ಹರಿಯುತ್ತಿತ್ತು. ಬೋರ್ಡು ಇಳಿಸಿದ ಮೇಲೆ ಯಜಮಾನರು ಹೇಳಿದರು, ಮೊಬೈಲ್ ರಿಪೇರಿಯವನೊಬ್ಬ ಜಾಗ ಬಾಡಿಗೆಗೆ ಕೇಳುತ್ತಿದ್ದಾನೆ, ದೀಪಾವಳಿಗೆ ಕೊಟ್ಟುಬಿಡೋಣ. ಅತ್ತೆ ತವ ತಿಕ್ಕುತ್ತಲೇ ಇದ್ದರು, ಅದು ಆಗಲೇ ಸ್ವಚ್ಛವಾಗಿತ್ತು.

ಅದೇ ದಿನಗಳಲ್ಲಿ ಹೊಸ ಬಿಲ್ಡಿಂಗಿನ ಒಬ್ಬ ಹುಡುಗಿ ಆಗಾಗ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ಆಂಟಿ, ಕಡಕ್ ರೊಟ್ಟಿ ಮಿಲೇಗಾ? ಮಮ್ಮೀಗೆ ಬೇಕು. ವೋ... ಪಾಪಡ್ ಟೈಪ್ ಇರ್ತದಲ್ಲ?"

"ಇಲ್ಲವ್ವಾ. ಇಲ್ಲೇ ಕುಂತು ತಿನ್ನೂ ಬಿಸಿ ರೊಟ್ಟಿ ಅಷ್ಟ."

"ಓಕೆ ಆಂಟಿ." ಮುಂದಿನ ವಾರ ಮತ್ತೆ ಹಾಜರು.

ಒಂದು ದಿನ ಅವಳ ಬೆನ್ನು ನೋಡುತ್ತ ನಿಂತಾಗ ತಲೆಗೆ ಹೊಳೆಯಿತು. ಗಿರಾಕಿ ಇಲ್ಲ ಎಂದು ಅಳುತ್ತಿದ್ದೇವೆ, ಬಂದ ಗಿರಾಕಿಗೆ ನಾವೇ ಇಲ್ಲ ಅನ್ನುತ್ತಿದ್ದೇವೆ. ನೀವೂ ಇದನ್ನೊಂದು ನೋಡಿಕೊಳ್ಳಿ: ದಿನಾ ಯಾವುದಕ್ಕೆ 'ಇಲ್ಲ' ಅನ್ನುತ್ತೀರಿ? ಮತ್ತೆ ಮತ್ತೆ ಒಂದೇ ವಸ್ತುವಿಗೆ ಅನ್ನುತ್ತಿದ್ದರೆ, ನಿಮ್ಮ ಮುಂದಿನ ವ್ಯಾಪಾರ ಅದೇ. ಕಡಕ್ ರೊಟ್ಟಿ ಕೆಡುವುದಿಲ್ಲ. ಗಿರಾಕಿ ಇವತ್ತು ಬರದಿದ್ದರೆ ನಾಳೆಯವರೆಗೆ ಕಾಯುತ್ತದೆ. ಬಿಸಿ ರೊಟ್ಟಿಗೆ ಆ ತಾಳ್ಮೆ ಎಲ್ಲಿದೆ?

ಖುಷಿಯಿಂದ ಅತ್ತೆಗೆ ಹೇಳಿದೆ. ಅವರ ಮುಖ ಇಳಿಯಿತು.

"ಕಡಕ್ ರೊಟ್ಟಿ ಅಂದ್ರ ಬುತ್ತಿ. ಬುತ್ತಿ ಯಾರಾದ್ರೂ ಮಾರತಾರೇನವಾ? ಕಟ್ಟಿ ಕೊಡತಾರ."

ನಮ್ಮ ಕಡೆ ಯಾರೇ ಮುಂಬೈಗೆ ಹೊರಟರೂ ಮನೆಯವರು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಬಟ್ಟೆಯಲ್ಲಿ ಕಟ್ಟಿ ಕೈಗಿಡುತ್ತಾರೆ. ನಾನೂ ಹಾಗೇ ಬಂದವಳು. ಆ ಗಂಟು ಬಿಚ್ಚಿದಾಗ ಬರುವ ವಾಸನೆಗೆ ರೇಟು ಹಾಕುವುದು ನನಗೂ ಕಷ್ಟವಾಯಿತು. ಆದರೆ ಮೊಬೈಲ್ ರಿಪೇರಿಯವನು ಟೇಪು ಹಿಡಿದು ಜಾಗ ಅಳೆದು ಹೋಗಿದ್ದ.

ಕೆಲವು ದಿನ ಕಳೆದ ಮೇಲೆ ಹಿಟ್ಟು ನಾದುತ್ತ ಅತ್ತೆಯೇ ಮಾತು ತೆಗೆದರು.

"ಮಾರೂದಾದ್ರ ಮಾರು. ಖರೆ, ಪ್ರತಿ ಪಾಕೀಟಿನ್ಯಾಗ ಕೊಸರು ಅಂತ ಒಂದು ರೊಟ್ಟಿ ಹೆಚ್ಚಿಗಿ ಇಡು. ಅದು ಮಾರಿದ್ದಲ್ಲ, ಕೊಟ್ಟದ್ದು."

ಆ ಒಂದು ರೊಟ್ಟಿ ನಮ್ಮ ಜಾಹೀರಾತಾಯಿತು. ಆ ಹುಡುಗಿಯೇ ಮೊದಲು ಫೋನ್ ಮಾಡಿದಳು: "ಆಂಟಿ, ಒಂದು ಎಕ್ಸ್‌ಟ್ರಾ ಬಂದಿದೆ, ವಾಪಸ್ ಕೊಡ್ಲಾ?" ಆಮೇಲೆ ಇಡೀ ಸೊಸೈಟಿಯ ವಾಟ್ಸಾಪ್ ಗ್ರೂಪಿಗೆ ಹಾಕಿದಳು. ಪರೇಲ್ ಆಸ್ಪತ್ರೆಗಳಲ್ಲಿ ರೋಗಿಗಳ ಜೊತೆ ಊರಿನಿಂದ ಬಂದು ತಿಂಗಳುಗಟ್ಟಲೆ ಉಳಿಯುವವರು ಒಬ್ಬರಿಂದೊಬ್ಬರು ಕೇಳಿ ತರಿಸಿಕೊಂಡರು. ಜೋಳ ಮಾತ್ರ ಕಡಿಮೆ ದರ್ಜೆಯದು ತರಲಿಲ್ಲ. ಒಂದೇ ಐಟಂ ಮಾಡುವವರಿಗೆ ಬಚ್ಚಿಟ್ಟುಕೊಳ್ಳಲು ಜಾಗವಿರುವುದಿಲ್ಲ.

ರೊಟ್ಟಿ ಒಣಗಿಸಲು ಜಾಗ ಬೇಕಾಯಿತು. ಮೊದಲು ಬೆಂಚುಗಳ ಮೇಲೆ ಹರಡಿದೆವು. ಆಮೇಲೆ ಬೆಂಚು ತೆಗೆದು ಜಾಲರಿಯ ರ್‍ಯಾಕು ತಂದೆವು. ಮೊಬೈಲ್ ರಿಪೇರಿಯವನು ಬೇರೆ ಗಲ್ಲಿ ಹಿಡಿದ. ಬೋರ್ಡಿನ ಮೇಲೆ ಈಗಲೂ 'ಖಾನಾವಳಿ' ಎಂದೇ ಇದೆ, ಒಳಗೆ ಕೂರಲು ಒಂದು ಸ್ಟೂಲೂ ಇಲ್ಲ.

ಗಿರಾಕಿಗಳು ಫೋನಿನಲ್ಲಿ ಐದು ಸ್ಟಾರ್ ಕೊಡುತ್ತಾರೆ. ಅತ್ತೆಗೆ ತೋರಿಸುತ್ತೇನೆ.

"ಆ ಐದು ಚಿಕ್ಕಿ ಇರಲಿ ಬಿಡು. ಇನ್ನೊಂದು ರೊಟ್ಟಿ ಬೇಕು ಅಂದ್ರೇನು ಅವರು?"

ನನಗೂ ಅದೇ ಬೇಕು, ಬೇರೇನೂ ಅಲ್ಲ. ಒಬ್ಬ ಮನುಷ್ಯ ಎದುರಿಗೆ ಕೂತು, ಮೊದಲ ತುತ್ತಿಗೆ ಕಣ್ಣು ಮುಚ್ಚಿ, "ವೈನಿ, ಇನ್ನೊಂದು ಹಾಕ್ರಿ" ಅನ್ನಬೇಕು.

ಒಂದು ಐತವಾರ ಮಧ್ಯಾಹ್ನ ಹಳೆಯ ಗಿರಾಕಿಯೊಬ್ಬ, ಆ ಪ್ಲಾಸ್ಟರ್ ಕೆಲಸದವನು, ಗೋರೆಗಾಂವ್‌ನಿಂದ ಲೋಕಲ್ ಹಿಡಿದು ಊಟಕ್ಕೆಂದೇ ಬಂದುಬಿಟ್ಟ. ಬಾಗಿಲಲ್ಲಿ ನಿಂತು ಒಳಗೆಲ್ಲ ನೋಡಿದ.

"ವೈನಿ, ಬೆಂಚ್ ಎಲ್ಲಿ ಹೋದ್ವು?"

ಅತ್ತೆ ಹಿಟ್ಟಿನ ಡಬ್ಬಿ ಎಳೆದು "ಇದರ ಮ್ಯಾಲ ಕೂಡು" ಅಂದರು. ತವ ಇಟ್ಟರು. ಪಲ್ಯ ಇರಲಿಲ್ಲ, ಮೊಸರು, ಚಟ್ನಿ, ಹಸಿ ಉಳ್ಳಾಗಡ್ಡಿ. ಅವನು ತಿಂದ. ಸಾಕೆಂದು ತಾಟಿನ ಮೇಲೆ ಕೈ ಅಡ್ಡ ಹಿಡಿದ.

"ಕೈ ತಗೀ. ಸುಟ್ಟಗೊಂಡೀ" ಎಂದು ಅತ್ತೆ ಬಿಸಿ ರೊಟ್ಟಿ ಮುಂದೆ ಹಿಡಿದರು.

ಕೈ ತೆಗೆದ. ನನ್ನ ಫೋನು ಆರ್ಡರಿಗಾಗಿ ಬಡಿದುಕೊಳ್ಳುತ್ತಿತ್ತು, ಬಡಿದುಕೊಳ್ಳಲಿ ಎಂದು ಬಿಟ್ಟೆ. ಹೊರಡುವಾಗ ಅವನು ಕೇಳಿದ, "ಮುಂದಿನ ಐತವಾರ ಹುಡುಗರನ್ನೂ ಕರಕೊಂಡು ಬರ್ಲ್ಯಾ, ಆಯಿ?"

"ಬರ್ರಿ."

"ಎಲ್ಲಿ ಕೂಡಸೂದು, ಅತ್ತಿ?" ಎಂದು ನಾನು ಮೆಲ್ಲಗೆ ಕೇಳಿದೆ.

"ಮೊದಲ ಬರಲಿ ತಗೋ."

ಬದನೆಕಾಯಿ ತಂದಿಟ್ಟೆವು. ಅವರು ಬರಲಿಲ್ಲ. ಆಮೇಲೆ ಅವನ ಫೋನು ಬಂತು: ಸೈಟು ಬದಲಾಗಿದೆ, ಪನವೇಲ್‌ನಿಂದಲೂ ಆಚೆ, ರಜೆಯೂ ಕಡಿಮೆ, ಅಷ್ಟು ದೂರ ಬರುವುದಾಗುವುದಿಲ್ಲ, ಕಡಕ್ ರೊಟ್ಟಿ ಕಳಿಸಿಕೊಡಿ, ಎಲ್ಲರಿಗೂ ಸೇರಿಸಿ. ವ್ಯಾಪಾರದ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ಸುದ್ದಿಯಿಲ್ಲ, ಕಳೆದುಹೋದ ಗಿರಾಕಿ ತಾನಾಗಿಯೇ ತಿರುಗಿ ಬಂದಿದ್ದಾನೆ. ಅತ್ತೆಗೆ ಹಾಗೆಂದೇ ಹೇಳಿದೆ.

ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದರು, "ಅಲ್ಲೆ ಅವರಿಗೆ ಪಲ್ಯಾ ಯಾರು ಮಾಡಿ ಹಾಕತಾರ?"