ಲಕ್ಕಿ ಎಲೆಯಲ್ಲ, ಅತ್ತೆ!

ಸೂಟ್‌ಕೇಸು ತುಂಬುವಾಗ ಅತ್ತೆ ವಿಡಿಯೋ ಕಾಲ್ ಮಾಡಿಯೇ ಮಾಡುತ್ತಾರೆ. ಬಾಗಲಕೋಟೆಯ ಮನೆಯ ಮಂಚದ ಮೇಲೆ ಹರಡಿದ ಒಂದೊಂದನ್ನೂ ನೋಡಿ ನಾನು ಹೂಂ ಅನ್ನಬೇಕು. ಅವತ್ತು ಸಿಂಗಪುರದ ಒನ್-ನಾರ್ತ್‌ನ ನಮ್ಮ ಆಫೀಸಿನ ಪ್ಯಾಂಟ್ರಿಯಲ್ಲಿ ಎಂಟು ತಿಂಗಳು ತುಂಬಿದ ಹೊಟ್ಟೆ ಹೊತ್ತು ನಿಂತಿದ್ದೆ. ನನಗೆ ಅಮ್ಮನಿಲ್ಲ, ಬಾಣಂತನಕ್ಕೆ ಇಲ್ಲಿಗೆ ಅವರೇ ಬರಬೇಕು. ಶೇಂಗಾ ಚಟ್ನಿಪುಡಿ, ಬಾಣಂತಿ ಉಂಡೆಗೆ ಅಳವಿ, ಅಂಟು ಎಲ್ಲ ತೋರಿಸಿದ ಮೇಲೆ ಒಂದು ಪುಟ್ಟ ಡಬ್ಬಿ ಬಂತು.

“ಇದು ಮೊಣಕಾಲಿಗೆ. ಲಕ್ಕಿ ಎಲಿ ಮುಲಾಮು. ಹದಿನೈದು ದಿನ ಆತು, ಭಾಳ ಆರಾಮ ಐತಿ.”

ಮುಚ್ಚಳದ ಮೇಲಿನ ಎಲೆಯ ಚಿತ್ರಕ್ಕೆ ಲಕ್ಕಿಯ ಹಾಗೇ ಐದು ಬೆರಳು. ನೋವಿಗೆ ಲಕ್ಕಿಸೊಪ್ಪು ಕಟ್ಟಿಕೊಂಡೇ ಬೆಳೆದವರು ಅದನ್ನು ಇನ್ನೇನು ಅಂದುಕೊಂಡಾರು? ಆದರೆ ಎಲೆಯ ಅಂಚು ಗರಗಸದ ಹಾಗಿತ್ತು, ಕೆಳಗೆ ಸಣ್ಣಕ್ಷರದಲ್ಲಿ ಸಿಬಿಡಿ ಎಂದಿತ್ತು.

“ಅತ್ತೆ, ಅದು ಲಕ್ಕಿ ಅಲ್ಲ, ಭಂಗಿ ಗಿಡದ್ದು!”

“ಅಯ್ಯ ಶಿವನ! ಹದಿನೈದು ದಿನದಿಂದ ಭಂಗಿ ಹಚ್ಕೊಂಡೀನೇನ ನಾ?” ಅವರು ನಕ್ಕ ಅಬ್ಬರಕ್ಕೆ ಪ್ಯಾಂಟ್ರಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನಗೆ ನಗು ಬರಲಿಲ್ಲ. ಅಲ್ಲಿ ಅಂಗಡಿಯಲ್ಲಿ ರಾಜಾರೋಷವಾಗಿ ಮಾರುವ ಸಿಬಿಡಿ, ಅಂದರೆ ಗಾಂಜಾ ಗಿಡದ ಸಾರ, ಇಲ್ಲಿ ಮಾದಕವಸ್ತು. ನಶೆ ಏರಿಸುವುದಿಲ್ಲ, ಬರೀ ಮುಲಾಮು ಎಂದರೆ ಕಾನೂನು ಕೇಳುವುದಿಲ್ಲ. ಚೀಲದಲ್ಲಿ ಸಿಕ್ಕರೆ ಜೈಲಿಗೂ ಹೋಗಬೇಕಾದೀತು.

“ಅಲ್ಲೇ ಬಿಟ್ಟು ಬನ್ನಿ, ಪ್ಲೀಸ್.”

“ಹಚ್ಚಲಿಲ್ಲಂದ್ರ ವಿಮಾನದಾಗ ಕಾಲು ಮಡಚಾಕ ಬರಂಗಿಲ್ಲವಾ. ನೋಡ್ತೀನಿ.”

ಆ ‘ನೋಡ್ತೀನಿ’ ನನ್ನ ನಿದ್ದೆ ಕೆಡಿಸಿತು. ಬರುವುದನ್ನೇ ಬಿಡುತ್ತಾರೋ, ಡಬ್ಬಿಯನ್ನು ಸೀರೆಯಲ್ಲಿ ಸುತ್ತಿ ತರುತ್ತಾರೋ! ಅತ್ತೆಯ ಹಟ ನನಗೆ ಗೊತ್ತಿಲ್ಲವೇ?

ಬರುವ ದಿನ ವಿಮಾನ ಇಳಿದು ಗಂಟೆಯಾದರೂ ಅವರು ಹೊರಗೆ ಬರಲಿಲ್ಲ. ಗಾಜಿನಾಚೆ ನೋಡಿದರೆ ಕಸ್ಟಮ್ಸ್ ಮೇಜಿನ ಮುಂದೆ ಕೈ ಆಡಿಸುತ್ತಾ ಮಾತಾಡುತ್ತಿದ್ದಾರೆ, ಸೂಟ್‌ಕೇಸು ಬಾಯಿ ತೆರೆದು ಬಿದ್ದಿದೆ. ಡಬ್ಬಿ ಸಿಕ್ಕೇಬಿಟ್ಟಿತು ಅಂದುಕೊಂಡೆ.

ಕೊನೆಗೆ ಟ್ರಾಲಿ ತಳ್ಳುತ್ತಾ, ಕುಂಟುತ್ತಾ, ಮುಖದ ತುಂಬ ನಗುತ್ತಾ ಬಂದರು.

“ನಾನ ಹೋಗಿ ಚೆಕ್ ಮಾಡ್ರಿ ಅಂದೆ. ನಮ್ಮ ಸೊಸಿ ಭಾಳ ಅಂಜ್ಯಾಳ ಅಂದೆ. ಆ ಸಾಹೇಬ ಚಟ್ನಿಪುಡಿ ಮೂಸಿ ಸೀನಿದ, ಪಾಪ!”

“ಕನ್ನಡದಲ್ಲೇ ಹೇಳಿದ್ರಾ?”

“ಮತ್ತ? ತಮಿಳಿನಾಂವ, ಅರ್ಧಾ ತಿಳೀತು.”

“ಕಾಲು ಹೇಗಿದೆ?”

“ನೋಯಾಕತ್ತೈತಿ, ಮುಲಾಮು ಊರಾಗ ಬಿಟ್ಟು ಬಂದೀನಲ್ಲ. ಹಂಗಂತ ಬರದ ಇರ್ತೀನೇನ?”

ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಕಾಲಿಗೆ ನಮಸ್ಕರಿಸಲು ನನಗೆ ಬಗ್ಗಲಾಗಲಿಲ್ಲ. ತಡೆಯಲು ಅವರಿಗೂ ಬಗ್ಗಲಾಗಲಿಲ್ಲ. ನಿಂತಲ್ಲೇ ಅಪ್ಪಿಕೊಂಡೆವು. ಹೊಟ್ಟೆಯೊಳಗಿನ ಕೂಸು ಒದ್ದದ್ದು ಇಬ್ಬರಿಗೂ ಗೊತ್ತಾಯಿತು.