ಬ್ರೇಕಿಲ್ಲದ ದೋಣಿ

ಮೂವತ್ತೊಂದು ವರ್ಷ ಟ್ರೈಲರ್ ಲಾರಿ ಓಡಿಸಿದ ನಮ್ಮಪ್ಪ, ಹೃದಯದ ಆಪರೇಷನ್ ಆದ ಮೇಲೆ ನನ್ನ ಕಾರಿನ ಹಿಂದಿನ ಸೀಟು ಹಿಡಿದರು. ಸ್ಟೀರಿಂಗ್ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದರು. ಅಪ್ಪ ಅದನ್ನು ನೋಡುವುದನ್ನೂ ಬಿಟ್ಟರು. ಮುಂದೆ ಕೂರಲು ಕರೆದರೆ ಕೇಳಿಸದವರಂತೆ ಹಿಂದಿನ ಬಾಗಿಲು ತೆಗೆಯುತ್ತಿದ್ದರು. ಒಂದು ವರ್ಷ ಹೀಗೇ ಹೋಯಿತು. ಮನೆಯಲ್ಲಿ ಅವರ ದನಿ ಕೇಳಬೇಕೆಂದರೆ ಟಿವಿ ಕೆಡಬೇಕಿತ್ತು.

ರಿಮೋಟಿನಲ್ಲಿ ಓಡುವ ದೋಣಿಯ ಸಾಮಾನು ತಂದುಕೊಟ್ಟವಳು ನಾನೇ. ಮೊದಲು ಮಕ್ಕಳಾಟ ಎಂದು ಮೂಗು ಮುರಿದರು. ವಾರ ಕಳೆಯುವಷ್ಟರಲ್ಲಿ ಊಟದ ಮೇಜು ಅವರ ಗ್ಯಾರೇಜಾಗಿತ್ತು. ಅಮ್ಮ ಗೊಣಗುತ್ತಲೇ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡಳು. ತೆಳು ಪ್ಲೈವುಡ್ ಬಗ್ಗಿಸಿ ಅಂಟಿಸಿ, ನೀರು ಹೊಗದಂತೆ ಎರಡು ಸಲ ವಾರ್ನಿಷ್ ಬಳಿದಾಯಿತು. ಬಟ್ಟೆ ಒಗೆಯುವ ಟಬ್ಬಿನಲ್ಲಿ ತೇಲಿಸಿದಾಗ ದೋಣಿ ಎಡಕ್ಕೆ ವಾಲಿತು. ಅಪ್ಪ ಒಳಗಿನ ಬ್ಯಾಟರಿಯನ್ನು ಒಂದು ಬೆರಳಷ್ಟು ಬಲಕ್ಕೆ ಸರಿಸಿದರು, ಅಷ್ಟೇ, ನೆಟ್ಟಗೆ ನಿಂತಿತು. ಲೋಡು ಕೂರಿಸಿ ಪಳಗಿದ ಕೈ ಅದು.

ಭಾನುವಾರ, ಇಂಥ ದೋಣಿ ಬಿಡುವವರು ಸೇರುವ ಕೊಳಕ್ಕೆ ಹೋದೆವು. ರಿಮೋಟಿನಲ್ಲಿ ತಿರುಗಿಸಲು ಪುಟ್ಟ ಚಕ್ರ, ವೇಗಕ್ಕೆ ಬೆರಳಿನಡಿ ಒಂದು ಗುಂಡಿ. ಹಗ್ಗವಿಲ್ಲ, ತಂತಿಯಿಲ್ಲ, ಎರಡಡಿಯ ದೋಣಿ ನೀರಿನ ನಡುವಿನಿಂದ ಅಪ್ಪನ ಮಾತು ಕೇಳುತ್ತಿತ್ತು. ಹೊಸಬರು ತಬ್ಬಿಬ್ಬಾಗುವುದು ಅದು ವಾಪಸು ಬರುವಾಗ. ನಮ್ಮತ್ತ ಮುಖ ಮಾಡಿದ ದೋಣಿಯ ಎಡ ನಮಗೆ ಬಲ. ನಾನು ಹಿಡಿದಾಗ ಅದು ಗಿರಗಿರನೆ ಸುತ್ತಿ ನನ್ನ ಮಾನ ಕಳೆಯಿತು. ಅಪ್ಪನಿಗೋ ನೀರು ಕುಡಿದಷ್ಟು ಸುಲಭ. ಟ್ರೈಲರನ್ನು ರಿವರ್ಸ್ ತೆಗೆಯಲು ಜೀವಮಾನವಿಡೀ ಸ್ಟೀರಿಂಗನ್ನು ಉಲ್ಟಾ ತಿರುಗಿಸಿದವರಲ್ಲವೇ.

ಆದರೆ ದಡದ ಕಲ್ಲು ಹತ್ತಿರವಾದಾಗ ಡ್ರೈವರ್ ಬುದ್ಧಿಯೇ ಕೈಕೊಟ್ಟಿತು. ವೇಗ ತಗ್ಗಿಸಲು ಗುಂಡಿ ಬಿಟ್ಟುಬಿಟ್ಟರು. ಚಕ್ರ ಎಷ್ಟು ತಿರುಗಿಸಿದರೂ ದೋಣಿ ತಿರುಗದೆ, ನೇರ ಹೋಗಿ ಕಲ್ಲಿಗೆ ಮೂತಿ ಚಚ್ಚಿಕೊಂಡಿತು. ಅಪ್ಪ ಸೀಳಿದ ಮೂತಿಯನ್ನು ಸವರಿ, ದೋಣಿಯನ್ನು ಟವೆಲ್ಲಿನಲ್ಲಿ ಸುತ್ತಿದರು.

"ಸಾಕಮ್ಮ. ಈ ಕೈಯ ಕತೆ ಮುಗೀತು."

ಇದೂ ಹೋದರೆ ಅವರಿಗೆ ಉಳಿಯುವುದು ಹಿಂದಿನ ಸೀಟೊಂದೇ.

ಪಕ್ಕದಲ್ಲಿ ತಮ್ಮ ರಿಮೋಟ್ ದೋಣಿ ಒರೆಸುತ್ತಿದ್ದ ನಿವೃತ್ತ ಟೀಚರೊಬ್ಬರು ತಲೆಯೆತ್ತಿದರು. "ಕೈಯ ತಪ್ಪಲ್ಲ ಯಜಮಾನ್ರೇ, ರೋಡಿನ ಅಭ್ಯಾಸ. ಹಿಂದಿನ ಫ್ಯಾನು ನೀರು ತಳ್ಳಿದ್ರೇನೇ ಚುಕ್ಕಾಣಿ ಕೆಲ್ಸ ಮಾಡೋದು. ಭಯ ಆದಾಗ್ಲೇ ಸ್ವಲ್ಪ ರೇಸ್ ಕೊಡ್ಬೇಕು."

ಆ ವಾರ ಮೂತಿಗೆ ಅಂಟು ಬಿತ್ತು.

ಮುಂದಿನ ಭಾನುವಾರ ಬೇಕೆಂದೇ ಅದೇ ಕಲ್ಲಿನತ್ತ ಓಡಿಸಿದರು. ಹತ್ತಡಿ. ಐದಡಿ. ನಾನು ಇನ್ನೇನು ಕಣ್ಣು ಮುಚ್ಚಬೇಕು, ಅವರ ಬೆರಳು ಗುಂಡಿಯನ್ನು ಇನ್ನಷ್ಟು ಒತ್ತಿತು. ದೋಣಿ ಪಕ್ಕಕ್ಕೆ ವಾಲಿ, ಗೇಣು ದೂರದಲ್ಲಿ ತಿರುಗಿ ಹೊರಟುಹೋಯಿತು, ಕಲ್ಲು ಒದ್ದೆಯಾಯಿತು. ಮೂವತ್ತೊಂದು ವರ್ಷದ ಅಭ್ಯಾಸವನ್ನು ಆ ಬೆರಳು ಏಳು ದಿನದಲ್ಲಿ ಗೆದ್ದಿತ್ತು. ನಾನು ಬಾಯಿ ಬಿಟ್ಟುಕೊಂಡು ಅಪ್ಪನ ಕೈಯನ್ನೇ ನೋಡುತ್ತ ನಿಂತೆ.

ಮನೆಗೆ ಹೊರಟಾಗ ರೂಢಿಯಂತೆ ಹಿಂದಿನ ಬಾಗಿಲು ತೆಗೆದೆ. ಅಪ್ಪ ದೋಣಿಯನ್ನು ಆ ಸೀಟಿನ ಮೇಲೆ ಮಲಗಿಸಿ, ಬೆಲ್ಟ್ ಬಿಗಿದು, ತಾವು ಮುಂದೆ ಬಂದು ಕೂತರು. ಮೊದಲ ತಿರುವು ದಾಟಿದ ಮೇಲೆ ಅವರ ಕಣ್ಣು ಗೇರಿನ ಮೇಲೆ ಬಿತ್ತು.

"ಇನ್ನೂ ಎರಡನೇ ಗೇರಲ್ಲೇ ಇದ್ದೀಯಲ್ಲ, ಮೂರಕ್ಕೆ ಹಾಕಮ್ಮ," ಎಂದರು.