ಬ್ಯಾಂಕಿನ ಪ್ರಕಾರ ಇದು ತಪ್ಪಲ್ಲ

ನಾನು ಬ್ಯಾಂಕಿನಲ್ಲಿ ಧ್ವನಿ ಏರಿಸುವವನಲ್ಲ. ಅಲ್ಲಿ ಎ.ಸಿ. ಇರುತ್ತದೆ, ಎಂಥ ಸಿಟ್ಟೂ ತಣ್ಣಗಾಗುತ್ತದೆ. ಆದರೆ ಕಳೆದ ವಾರ ಇಂದಿರಾನಗರದ ನಮ್ಮ ಶಾಖೆಯಲ್ಲಿ ಕೂಗಾಡಿಬಿಟ್ಟೆ. ಅದಕ್ಕೆ ಈಗಲೂ ನನಗೆ ಒಂದಿಷ್ಟೂ ನಾಚಿಕೆಯಿಲ್ಲ.

ಶಿವಾಜಿನಗರದ ಗೌಸ್ ಭಾಯಿ ನಮ್ಮ ಸೋಫಾಗೆ ಹೊಸ ಬಟ್ಟೆ ಹೊಲಿದು ಟೆಂಪೋದಲ್ಲಿ ಕಳಿಸಿದ್ದರು. ಮಗಳ ಕಾಲೇಜು ಫೀಸಿಗೆ ಅಂದೇ ಕೊನೆಯ ದಿನ, ದುಡ್ಡು ಕೂಡಲೇ ಬೇಕೆಂದು ಫೋನಿನಲ್ಲೇ ನಂಬರ್ ಹೇಳಿದರು. ಇಷ್ಟು ವರ್ಷ ಅವರಿಗೆ ನೋಟು ಕೊಟ್ಟೇ ರೂಢಿ. ನಂಬರ್ ಒತ್ತಿದೆ. ಪರದೆಯ ಮೇಲೆ ‘ಬಸವರಾಜ’ ಎಂದು ಬಂತು.

ನಗಬೇಡಿ. ನಮ್ಮ ಕಡೆ ಯಾವ ಅಂಗಡಿಯ ಹಣ ಅಂಗಡಿಯವರ ಹೆಸರಿಗೇ ಹೋಗುತ್ತದೆ ಹೇಳಿ? ಹಲಸೂರಿನ ಹೂವಿನ ಸೆಲ್ವಿಗೆ ಕೊಟ್ಟರೆ ಅವಳ ಅಳಿಯ ಮುರುಗನ್ ಬರುತ್ತಾನೆ. ಎಳನೀರಿನವನಿಗೆ ಕೊಟ್ಟರೆ ಅವನ ಅತ್ತಿಗೆ. ಅಪರಿಚಿತ ಹೆಸರು ಕಂಡರೆ ನಾವು ಗಾಬರಿಯಾಗುವುದಿಲ್ಲ, ಸಂಬಂಧ ಹುಡುಕುತ್ತೇವೆ. ಬಸವರಾಜ ಅಂದರೆ ಅವರ ಅಂಗಡಿಯ ಕಟ್ಟಡದ ಮಾಲೀಕರಿರಬೇಕು ಎಂದುಕೊಂಡು ಪಿನ್ ಒತ್ತಿದೆ. ಹಸಿರು ಟಿಕ್ ಬಂತು.

“ದುಡ್ಡು ಬಂದಿಲ್ಲ ಸಾಬ್. ಬಸವರಾಜ ಯಾರು?” ಎಂದರು ಗೌಸ್ ಭಾಯಿ. ನಾನು ಒಂದಂಕಿ ತಪ್ಪು ಒತ್ತಿದ್ದೆ. ತಿಂಗಳ ಕೊನೆ, ಇನ್ನೊಮ್ಮೆ ಕಳಿಸುವಷ್ಟು ಖಾತೆಯಲ್ಲಿರಲಿಲ್ಲ.

ಬ್ಯಾಂಕಿಗೆ ಓಡಿದೆ. “ಇದು ಎರರ್ ಅಲ್ಲ ಸರ್,” ಎಂದರು ಕೌಂಟರಿನಲ್ಲಿದ್ದ ಯುವತಿ. “ನೇಮ್ ತೋರ್ಸಿದೆ, ನೀವೇ ಪಿನ್ ಹಾಕಿದೀರ. ಟ್ರಾನ್ಸಾಕ್ಷನ್ ಸಕ್ಸಸ್. ಕಂಪ್ಲೇಂಟ್ ಕೊಡಿ, ಅವ್ರು ಒಪ್ಪಿದ್ರೆ ವಾಪಸ್ ಬರುತ್ತೆ.”

ಮೈಯೆಲ್ಲ ಉರಿಯಿತು. ಹಿಂದೆ ಇದೇ ಬ್ಯಾಂಕು ನನ್ನ ಸಹಿಯ ಬಾಲ ಗಿಡ್ಡವಾಯಿತೆಂದು ಚೆಕ್ ವಾಪಸ್ ಕೊಟ್ಟಿತ್ತು. ನನ್ನ ದುಡ್ಡು, ಎದುರಿಗೆ ನಾನೇ ನಿಂತಿದ್ದೆ, ಆದರೂ ಅನುಮಾನ! ಈಗ ಗೌಸ್ ಭಾಯಿಯ ಹಣ ಬಸವರಾಜನಿಗೆ ಹೋದರೆ ಅದು ಸಕ್ಸಸ್ಸಂತೆ. ಯಂತ್ರ ಕೆಟ್ಟರೆ ‘ತಾಂತ್ರಿಕ ದೋಷ’, ವಿಷಾದಿಸುತ್ತಾರೆ. ನನ್ನ ಬೆರಳು ಜಾರಿದರೆ ಅದು ದೋಷವಲ್ಲ, ನನ್ನ ಇಚ್ಛೆ! ಇಷ್ಟನ್ನೂ ಜೋರಾಗಿಯೇ ಹೇಳಿದೆ. ಟೋಕನ್ ಹಿಡಿದು ಕೂತವರು ಮೊಬೈಲಿನಿಂದ ತಲೆಯೆತ್ತಿದರು, ಅಷ್ಟೆ.

ಕೊನೆಗೆ ಆ ತಪ್ಪು ನಂಬರಿಗೇ ಫೋನ್ ಮಾಡಿದೆ. ಬಸವರಾಜ ಹುಬ್ಬಳ್ಳಿ ಕಡೆಯವರು, ಮನೆ ಹೊರಮಾವಿನಲ್ಲಿ, ಪುಣ್ಯಕ್ಕೆ ಆಫೀಸು ಇಂದಿರಾನಗರದ ನೂರಡಿ ರಸ್ತೆಯಲ್ಲೇ. “ರೊಕ್ಕ ಬಂದೈತ್ರಿ. ಆದ್ರ ಹಿಂಗ ಫೋನ್ ಮಾಡಿ ವಾಪಸ್ ಕೇಳವ್ರನ್ನ ನಂಬಬ್ಯಾಡ್ರಿ ಅಂತ ಬ್ಯಾಂಕಿನವ್ರ ಮೆಸೇಜ್ ಹಾಕ್ಯಾರ. ನೀವು ಎದುರಿಗೆ ಬರ್ರಿ,” ಎಂದರು.

ನೋಡಿದಿರಾ? ಅವರು ಒಪ್ಪಿದರೆ ತಗೊಳ್ಳಿ ಎಂದು ನನಗೆ, ನಂಬಲೇಬೇಡಿ ಎಂದು ಅವರಿಗೆ. ಇದಕ್ಕೇನು ಹೇಳೋಣ!

ಮೆಟ್ರೋ ನಿಲ್ದಾಣದ ಕೆಳಗೆ ಭೇಟಿಯಾದೆವು. ನನ್ನ ಮೊಬೈಲನ್ನೂ ಮುಖವನ್ನೂ ನೋಡಿದರು. “ಯಾರಿಗೆ ಮುಟ್ಟಬೇಕಿತ್ತೋ ಅವ್ರಿಗೇ ಕಳಸ್ತೀನಿ, ನಂಬರ್ ಹೇಳ್ರಿ.” ಹೇಳಿದೆ. ಪರದೆಯ ಮೇಲೆ ‘ಮುಮ್ತಾಜ್’ ಎಂದು ಬಂತು. ಅವರ ಬೆರಳು ನಿಂತಿತು.

“ಇವ್ರ್ಯಾರ್ರೀ?”

“ಗೌಸ್ ಭಾಯಿ ಹೆಂಡ್ತಿ ಇರ್ಬೇಕು.”

“ಇರಬೇಕು ಅಂದ್ರ?”

ಅವರೇ ಗೌಸ್ ಭಾಯಿಗೆ ಫೋನ್ ಹಚ್ಚಿ ಕೇಳಿದರು, ಆಮೇಲೆ ಪಿನ್ ಒತ್ತಿದರು. ಸಂಜೆಯೊಳಗೆ ಫೀಸು ಕಟ್ಟಿಯಾಯಿತು.

ಬಸವರಾಜ ಯಾರೆಂದು ಬ್ಯಾಂಕು ಕೇಳಲಿಲ್ಲ, ನಾನೂ ಕೇಳಲಿಲ್ಲ. ಅಂದಹಾಗೆ, ಮುಮ್ತಾಜ್ ಗೌಸ್ ಭಾಯಿಯ ಹೆಂಡತಿಯಲ್ಲ, ತಾಯಿ.